ಸಭಾಧ್ಯಕ್ಷೆಯ ಅಪ್ಪಣೆಯಿಲ್ಲದೆ ಎದ್ದು ನಿಂತವರು

ನಮ್ಮ ಮಗಳು ಓದಿದ ಹೈಸ್ಕೂಲಿನ ಹೆಡ್ ಮಾಸ್ತರರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬ್ಯಾನರಿನಿಂದ. ಸೋಮವಾರ ಬೆಳಿಗ್ಗೆ ದೇವರಿಗೆ ಹೂವು ತರಲು ಹೋದಾಗ ಶಹಾಬಾದಿನ ಬಸ್ ಸ್ಟ್ಯಾಂಡಿನ ಎದುರು ಅದನ್ನು ಕಟ್ಟುತ್ತಿದ್ದರು. ನಡುವೆ ಹಾರ ಹಾಕಿದ ಅವರ ಫೋಟೋ, ಕೆಳಗೆ ‘ಆದರ್ಶ ಪ್ರಜೆಗಳ ಶಿಲ್ಪಿ’ ಎಂಬ ದಪ್ಪ ಅಕ್ಷರ. ಸುತ್ತಲೂ ಬ್ಯಾನರ್ ಮಾಡಿಸಿದ ಶಿಷ್ಯರ ಫೋಟೋಗಳು. ಶಿಷ್ಯರ ಫೋಟೋಗಳು ಗುರುವಿನದಕ್ಕಿಂತ ದೊಡ್ಡವಿದ್ದವು. ಅವರು ಕಲಿಸಿದ್ದು ವ್ಯರ್ಥವಾಗಿಲ್ಲ ಎಂದುಕೊಂಡೆ.

ಮನೆಗೆ ಬಂದು ಅವರ ಹೆಸರಿನಲ್ಲಿ ಒಂದು ದೀಪ ಹಚ್ಚಿದೆ. ಹಚ್ಚಿದ ಕೈಯಿಂದಲೇ ಇದನ್ನೂ ಬರೆಯುತ್ತಿದ್ದೇನೆ. ಸನ್ನತಿಯ ತಾಯಿ ಚಂದ್ರಲಾಂಬೆ ಎರಡನ್ನೂ ನೋಡುತ್ತಾಳೆ. ಅವಳೆದುರು ಸತ್ತವರನ್ನು ಸುಮ್ಮನೆ ಹೊಗಳಿದರೆ ನನಗೇನೂ ಪುಣ್ಯ ಬರಲಿಕ್ಕಿಲ್ಲ.

ನಿವೃತ್ತರಾಗಿ ಸೇಡಂ ಕಡೆಯ ತಮ್ಮ ಊರಿಗೆ ಹೋಗುವ ತನಕ ಸರ್ ನಮ್ಮ ಓಣಿಯಲ್ಲೇ ಇದ್ದರು. ಎತ್ತರದ ಆಳು. ಸದಾ ಇಸ್ತ್ರಿ ಮಾಡಿದ ಬಿಳಿ ಸಫಾರಿ. ಬಲಗೈಯ ತೋರುಬೆರಳಿನಲ್ಲಿ ಶಾಲೆಯ ಚಾವಿಗೊಂಚಲು ಗರಗರ ತಿರುಗುತ್ತಿತ್ತು. ತಿರುಗುವುದು ನಿಂತಿತೆಂದರೆ ಭಾಷಣ ಶುರುವಾಯಿತೆಂದು ತಿಳಿಯಬೇಕು. ಅವರ ಭಾಷಣಕ್ಕೆ ವೇದಿಕೆಯೇ ಬೇಕೆಂದಿರಲಿಲ್ಲ. ಹಾಲಿನವನ ಎದುರೂ ನಡೆಯುತ್ತಿತ್ತು, ಹಜಾಮನ ಕುರ್ಚಿಯ ಮೇಲೂ ನಡೆಯುತ್ತಿತ್ತು. ಪ್ರಶ್ನೆಯನ್ನು ತಾವೇ ಕೇಳುವರು, ಎದುರಿನವರು ಬಾಯಿ ತೆರೆಯುವುದರೊಳಗೆ “ನಾ ಹೇಳ್ತೀನಿ” ಎಂದು ಉತ್ತರವನ್ನೂ ತಾವೇ ಕೊಡುವರು.

ಒಮ್ಮೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ, ಮಾರುವ ಮುದುಕಿಯನ್ನು ಕೇಳಿದರು: “ಪ್ರಜಾಪ್ರಭುತ್ವ ಅಂದ್ರ ಏನವ್ವಾ? ನಾ ಹೇಳ್ತೀನಿ...”

“ಮೊದ್ಲ ಬದನಿಕಾಯಿ ಬೇಕೋ ಬ್ಯಾಡೋ, ಅದು ಹೇಳ್ರಿ ಮಾಸ್ತರ. ಹಿಂದ ಮಂದಿ ನಿಂತದ,” ಎಂದಳು ಮುದುಕಿ.

ಸಿಟ್ಟು ಬಂದರೆ ಮೊದಲು ಪುಸ್ತಕದ ಕನ್ನಡದಲ್ಲಿ ಬೈಯುವರು. ಇನ್ನೂ ಏರಿದರೆ ಉರ್ದು. ತಲೆಗೇ ಹತ್ತಿದರೆ ತಮ್ಮ ಊರಿನ ತೆಲುಗು. ತೆಲುಗು ಶುರುವಾಗುವುದರೊಳಗೆ ಮಕ್ಕಳು ಮೈದಾನದ ಆಚೆ ಇರುತ್ತಿದ್ದರು.

ಶಾಲೆಯ ಕಂಪೌಂಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು: ‘ಕೈಗೆ ಕಸುಬು, ತಲೆಗೆ ವಿಚಾರ’. ಕಸುಬಿಗೆಂದು ಬುಧವಾರ ಮಧ್ಯಾಹ್ನ ಕಾರ್ಯಾನುಭವದ ಪಿರಿಯಡ್ ಇತ್ತು. ಆ ಹೊತ್ತಿನಲ್ಲಿ ಗಂಡುಮಕ್ಕಳು ಸರ್ ಅವರ ಮೋಟಾರ್ ಸೈಕಲ್ ಒರೆಸುವರು, ಹೆಣ್ಣುಮಕ್ಕಳು ಸರ್ ಅವರ ಮನೆಯ ವರ್ಷದ ತೊಗರಿಬೇಳೆ ಹಸನು ಮಾಡುವರು. ನಮ್ಮ ಚಂದ್ರಕಲಾ ಒಂಬತ್ತನೆಯ ತರಗತಿಗೆ ಬರುವುದರೊಳಗೆ ಬೇಳೆಯಲ್ಲಿ ಹುಳ ಹುಡುಕುವುದರಲ್ಲಿ ಪಳಗಿದ್ದಳು. ಅದೂ ಒಂದು ವಿದ್ಯೆಯೇ, ಇಲ್ಲವೆನ್ನಲಾರೆ.

ನಮ್ಮ ಮನೆಯವರು ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಮಾತು ಕಡಿಮೆ. ಪಾಲಕರ ಸಭೆಯಲ್ಲಿ ಒಮ್ಮೆ ಏನು ತೋಚಿತೋ ಎದ್ದು ನಿಂತರು.

“ಸರ, ಕೈಗೆ ಕಸುಬು ಅಂತ ಗ್ವಾಡಿ ಮ್ಯಾಲೆ ಬರ್ಸೀರಿ. ಯಾವ ಕಸುಬು ಕಲಸ್ತೀರಿ?”

“ಶಿಸ್ತು! ಶಿಸ್ತಿಗಿಂತ ದೊಡ್ಡ ಕಸುಬು ಯಾವುದಿದೆ?”

“ಹೌದ್ರಿ, ಖರೆ ಅದ. ಆದ್ರ ಶಿಸ್ತಿಲೆ ಕಲ್ಲು ಕೊಯ್ಲಿಕ್ಕೆ ಬರ್ತದೇನ್ರಿ?”

ಸಭೆಯೆಲ್ಲ ನಕ್ಕಿತು. ಸರ್ “ಬೈಠೋ ಜೀ, ಬೈಠೋ!” ಎಂದರು. ಉರ್ದುವಿಗೆ ಬಂದದ್ದು ಕೇಳಿ ನಮ್ಮವರು ತೆಲುಗಿಗೆ ಕಾಯದೆ ಕುಳಿತರು. ದೇವರ ದಯೆ, ಅಲ್ಲಿಗೇ ಮುಗಿಯಿತು.

ಹಾಗೆಂದು ಅವರು ಮೈಗಳ್ಳರಲ್ಲ. ಗಂಟೆ ಬಾರಿಸುವವನಿಗಿಂತ ಮೊದಲು ಶಾಲೆಯಲ್ಲಿ ಇರುತ್ತಿದ್ದರು. ಸಭೆಯಲ್ಲಿ ಹೇಗೆ ನಿಲ್ಲಬೇಕು, ಅಕ್ಷರ ನುಂಗದೆ ಹೇಗೆ ಮಾತಾಡಬೇಕು, ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಹೇಗೆ ನೋಡಬೇಕು, ಇದನ್ನೆಲ್ಲ ಮಕ್ಕಳಿಗೆ ಬಿಡದೆ ಕಲಿಸುತ್ತಿದ್ದರು. ಏನು ಮಾತಾಡಬೇಕು ಎಂಬುದನ್ನು ಮಾತ್ರ ತಾವೇ ಬರೆದುಕೊಡುತ್ತಿದ್ದರು.

ಈಗ ಶೌಚಾಲಯದ ಸಂಗತಿಗೆ ಬರುತ್ತೇನೆ. ಹೇಳಲು ನಾಚಿಕೆಯ ವಿಷಯವೆಂದು ಕೆಲವರು ಅನ್ನಬಹುದು. ಹತ್ತಾರು ಹೆಣ್ಣುಮಕ್ಕಳು ನಾಚಿಕೆಯಿಂದ ಸುಮ್ಮನಿದ್ದದ್ದಕ್ಕೇ ಅದು ಅಷ್ಟು ದಿನ ನಡೆದದ್ದು.

ಊರಿನ ದಾನಿಗಳು ಹೆಣ್ಣುಮಕ್ಕಳಿಗೆಂದು ಶಾಲೆಯ ಹಿಂದೆ ಒಂದು ಶೌಚಾಲಯ ಕಟ್ಟಿಸಿಕೊಟ್ಟಿದ್ದರು. ದಾನಿಗಳ ಹೆಸರು ಕೆತ್ತಿದ ಕಲ್ಲು ಬಾಗಿಲಿಗಿಂತ ಅಗಲವಿತ್ತು. ರಿಬ್ಬನ್ ಕತ್ತರಿಸಿದ ದಿನ ತೆರೆದ ಬಾಗಿಲಿಗೆ ಆ ಸಂಜೆಯೇ ಬೀಗ ಬಿತ್ತು, ನಮ್ಮ ಮಾತಿನಲ್ಲಿ ಕೀಲಿ. ಹುಡುಗಿಯರು ಹೊಲಸು ಮಾಡುತ್ತಾರೆ, ಮೇಲಿನ ಸಾಹೇಬರು ಬಂದಾಗ ತೋರಿಸಲು ಸ್ವಚ್ಛವಾಗಿರಬೇಕು ಎಂದು ಸರ್ ಅವರ ಅಪ್ಪಣೆ. ಚಾವಿ ಅವರ ಗೊಂಚಲಿಗೆ ಸೇರಿತು. ಗಂಡುಮಕ್ಕಳಿಗೆ ಕಂಪೌಂಡಿನ ಹಿಂದಿನ ಗೋಡೆ ಇತ್ತು. ಹೆಣ್ಣುಮಕ್ಕಳಿಗೆ ಉಳಿದದ್ದು ಒಂದೇ ಉಪಾಯ: ಬೆಳಿಗ್ಗೆಯಿಂದ ಸಂಜೆಯ ತನಕ ನೀರು ಕುಡಿಯದೆ ಇರುವುದು.

ಶಹಾಬಾದಿನ ಬಿಸಿಲು ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಚಂದ್ರಿ ಸಂಜೆ ಬಂದವಳೇ ಚೀಲ ಒಗೆದು ಹಿತ್ತಲಿಗೆ ಓಡುತ್ತಿದ್ದಳು. ಆಮೇಲೆ ಒಂದಕ್ಕೆ ಹೋದರೆ ಉರಿ ಶುರುವಾಯಿತು, ಚಳಿಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟು, “ಹುಡುಗಿಗಿ ನೀರು ಕುಡಸ್ರೆವ್ವಾ” ಎಂದರು. ಜ್ವರ ಬಿಟ್ಟಿತು. ಶಾಲೆಗೆ ಹೋದಳು. ಮತ್ತೆ ಬಂತು.

ನಮ್ಮತ್ತೆ ಕೆಟ್ಟವರಲ್ಲ. ಮೊಮ್ಮಗಳ ಹಣೆ ಮುಟ್ಟಿ ನೋಡಿ ತೀರ್ಮಾನ ಮಾಡಿಬಿಟ್ಟರು. “ಪೋರಿ ನೀರಿಲ್ಲದ ಗಿಡಾ ಆದಂಗ ಆಗ್ಯಾಳ. ಸಾಲಿ ಸಾಕು. ಮನ್ಯಾಗ ನೀರಾರ ಕುಡಕೊಂಡು ಇರ್ತಾಳ.”

“ಅವ್ವ ಹೇಳೋದು ಖರೆ ಅದ. ಜೀವಾ ಮೊದ್ಲ,” ಎಂದರು ನಮ್ಮವರು.

ಚಂದ್ರಿ ಹೊದಿಕೆಯೊಳಗಿಂದ ತಲೆ ತೆಗೆದು ಅಜ್ಜಿಗೆ, “ಆಯಿ, ನಾ ನೀರು ಬೇಡಂಗಿಲ್ಲ, ಸಾಲಿ ಬಿಡಸಬ್ಯಾಡ್ರಿ” ಎಂದಳು. ಜ್ವರದಲ್ಲಿ ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ತಿಳಿದಿತ್ತೋ ಇಲ್ಲವೋ, ನಾನು ಎದ್ದು ಅವಳ ಬಾಯಿಗೆ ನೀರಿನ ಲೋಟ ಹಿಡಿದೆ.

ಮರುದಿನ ನಾನೇ ಸರ್ ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದರು.

“ಬಾ ತಂಗೀ, ಕುಂದ್ರು. ಏನ್ ಬಂದಿ?”

“ಸರ, ಹುಡುಗ್ಯಾರ ಪಾಯಖಾನಿ ಕೀಲಿ ತೆಗಸ್ರಿ. ನಮ್ಮ ಪೋರಿ ಜಡ್ಡು ಬಿದ್ದಾಳ.”

ಪೇಪರ್ ಮಡಚಿದರು. “ಹಕ್ಕು ಅಂದ್ರ ಏನು? ನಾ ಹೇಳ್ತೀನಿ. ಕರ್ತವ್ಯದ ಆಚಿ ಬಾಜೂನೇ ಹಕ್ಕು. ಮೊದ್ಲ ಸ್ವಚ್ಛ ಇಟ್ಕೊಳ್ಳೋದು ಕಲೀಲಿ. ಆಮ್ಯಾಲೆ ಚಾವಿ.”

“ಬಾಗಿಲಾನೇ ತೆಗೀಲಿಲ್ಲಂದ್ರ ಸ್ವಚ್ಛ ಇಟ್ಕೊಳ್ಳೋದು ಹ್ಯಾಂಗ ಕಲೀಬೇಕ್ರಿ ಸರ?”

“ನೋಡು, ಇದು ಪ್ರಶ್ನಿ ಅಲ್ಲ. ಇದು ವಾದ. ವಾದ ಮಾಡೋದು ಒಳ್ಳೆ ಪ್ರಜೆಯ ಲಕ್ಷಣ ಅಲ್ಲ,” ಎಂದು ಪೇಪರ್ ಮತ್ತೆ ಬಿಡಿಸಿದರು.

ಅವರ ಹೆಂಡತಿ ಚಹಾದ ಲೋಟ ನನ್ನ ಕೈಗಿಡುತ್ತ ಮೆಲ್ಲಗೆ ಹೇಳಿದರು: “ನೀ ಸಾಲಿದು ಹೇಳ್ತಿ ತಂಗೀ. ನಮ್ಮನ್ಯಾಗೂ ಎರಡು ಅವ. ಒಂದಕ್ಕ ಬೀಗರು ಬರ್ತಾರಂತ ಕೀಲಿ. ಬೀಗರು ಬಂದಿಲ್ಲ, ನಾವು ಮುಂಜಾನೆದ್ದು ಪಾಳಿ ಹಚ್ಚೋದು ತಪ್ಪಿಲ್ಲ.” ಆ ದಿನ ನನಗೆ ಸಿಕ್ಕ ಸಮಾಧಾನ ಆ ಚಹಾ ಒಂದೇ. ಶುಂಠಿ ಹಾಕಿದ್ದರು.

ವರ್ಷಕ್ಕೊಮ್ಮೆ ಶಾಲೆಯಲ್ಲಿ ಮಕ್ಕಳ ಸಂಸತ್ತು ನಡೆಯುತ್ತಿತ್ತು. ಸರ್ ಅವರ ಜೀವವೇ ಅದರಲ್ಲಿ. ಮಂತ್ರಿಗಳೆಲ್ಲ ಸರ್ವಾನುಮತದಿಂದ ಆಯ್ಕೆಯಾಗುತ್ತಿದ್ದರು, ಅಂದರೆ ಸರ್ ಅವರೊಬ್ಬರ ಮತದಿಂದ. ಪ್ರಧಾನಿಯಾಗಿ ಶಾಲೆಯ ಕಮಿಟಿಯವರ ಮಗ. ಚಂದ್ರಿಯ ಗಂಟಲು ದೊಡ್ಡದೆಂದು ಅವಳನ್ನು ವಿರೋಧ ಪಕ್ಷದ ನಾಯಕಿ ಮಾಡಿದ್ದರು. ಟೇಲರನ ಮಗಳು ರಿಹಾನಾ ಹಾಜರಿ ಕೂಗಿದರೂ ಕೇಳಿಸದಂತೆ ‘ಎಸ್ ಸರ್’ ಅನ್ನುವವಳು. ಎದುರಾಡುವುದಿಲ್ಲವೆಂದು ಅವಳನ್ನೇ ಸಭಾಧ್ಯಕ್ಷೆ ಮಾಡಿದರು. ವಿರೋಧ ಪಕ್ಷ ಕೇಳುವ ಪ್ರಶ್ನೆ, ಮಂತ್ರಿ ಕೊಡುವ ಉತ್ತರ, ಇಬ್ಬರೂ ಸಿಟ್ಟಾಗುವ ಜಾಗ, ಎಲ್ಲವನ್ನೂ ಸರ್ ಬರೆದುಕೊಟ್ಟಿದ್ದರು. ನಾನು ರೊಟ್ಟಿ ಬಡಿಯುವಾಗ ಚಂದ್ರಿ ಒಲೆಯ ಮುಂದೆ ಒಪ್ಪಿಸುತ್ತಿದ್ದಳು. ನನಗೂ ಬಾಯಿಪಾಠವಾಗಿತ್ತು.

ಆ ಸಂಸತ್ತಿನಲ್ಲಿ ಸರ್ ಅವರಿಗೆ ಬಲು ಪ್ರೀತಿಯ ಒಂದು ಐಟಂ ಇತ್ತು. ಚರ್ಚೆಯ ನಡುವೆ ಅವರೇ ಎದ್ದು ಏನೋ ಹೇಳಲು ಹೋಗುವರು. ಸಭಾಧ್ಯಕ್ಷೆ ಮೇಜು ಕುಟ್ಟಿ, “ಮಾನ್ಯರೇ, ಅಪ್ಪಣೆಯಿಲ್ಲದೆ ಏಳುವಂತಿಲ್ಲ. ದಯವಿಟ್ಟು ಆಸೀನರಾಗಿ” ಅನ್ನಬೇಕು. ಸರ್ ಕೈಮುಗಿದು ಕೂಡುವರು. ಹೆಡ್ ಮಾಸ್ತರರನ್ನೇ ಕೂಡಿಸುವ ಹುಡುಗಿ! ಬಂದ ಅತಿಥಿಗಳು ಚಪ್ಪಾಳೆ ಹೊಡೆಯುವರು. ಇದಕ್ಕಾಗಿ ರಿಹಾನಾಳನ್ನು ದಿನಾಲೂ ನಿಲ್ಲಿಸಿ ತಾಲೀಮು ಮಾಡಿಸಿದ್ದರು. “ನಾ ಎದ್ದ ಕೂಡ್ಲೇ ಅನ್ನಬೇಕು. ಯಾವಾಗ ಎದ್ದರೂ ಅನ್ನಬೇಕು. ಹೆದರಬಾರ್ದು!” ಪಾಪ, ಹುಡುಗಿ ನಿದ್ದೆಯಲ್ಲೂ ‘ಆಸೀನರಾಗಿ’ ಅನ್ನುತ್ತಿದ್ದಳೆಂದು ಅವಳ ತಾಯಿ ನನಗೆ ಹೇಳಿದ್ದರು.

ಸಂಸತ್ತಿನ ಹಿಂದಿನ ವಾರ ಚಂದ್ರಿಗೆ ಮತ್ತೆ ಜ್ವರ ಬಂದು ಹೋಯಿತು. ಮನೆಯಲ್ಲಿ ಮಾತು ಮುಗಿದಿತ್ತು: ಅಷ್ಟು ದಿನ ಕಂಠಪಾಠ ಮಾಡಿದ್ದಾಳೆ, ಸಂಸತ್ತು ಆಡಿ ಬರಲಿ, ಮರುದಿನದಿಂದ ಶಾಲೆ ಬೇಡ. ಚಂದ್ರಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಅದೇ ನನಗೆ ಹೆದರಿಕೆಯಾಗಿತ್ತು. ದೇವರ ಮುಂದೆ ನಿಂತು, ತಾಯೇ, ನನಗೆ ಉಪಾಯ ಹೊಳೆಯುತ್ತಿಲ್ಲ, ನೀನೇ ಏನಾದರೂ ಮಾಡು ಎಂದೆ. ಉಪಾಯ ಹೊಳೆಯಬೇಕಾದದ್ದು ನನಗಲ್ಲ ಎಂಬುದು ಆಮೇಲೆ ತಿಳಿಯಿತು.

ಆ ದಿನ ಕಲಬುರಗಿಯಿಂದ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಬಂದಿದ್ದರು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು. ಕೊಟ್ಟ ಪೇಢಾ ಮುಟ್ಟದೆ ನೀರನ್ನೇ ಮೇಲಿಂದ ಮೇಲೆ ಕುಡಿಯುತ್ತಿದ್ದರು. ಪಾಲಕರೆಲ್ಲ ಹಿಂದೆ ಜಮಖಾನೆಯ ಮೇಲೆ ಕುಳಿತಿದ್ದೆವು. ಚಂದ್ರಿ ಎದ್ದಳು. ಅವಳು ಕೇಳಬೇಕಾದದ್ದು ಕುಡಿಯುವ ನೀರಿನ ಪ್ರಶ್ನೆ. ಅಕ್ಷರ ನುಂಗದೆ ಕೇಳಿದಳು. ನೀರಿನ ಮಂತ್ರಿ ಎದ್ದು ಒಪ್ಪಿಸಿದ: “ಮಾನ್ಯ ಸಭಾಧ್ಯಕ್ಷರೇ, ನಮ್ಮ ಸರ್ಕಾರವು ಶುದ್ಧವಾದ ಕುಡಿಯುವ ನೀರನ್ನು ಸಾಕಷ್ಟು ಪ್ರಮಾಣದಲ್ಲಿ ಒದಗಿಸಿದೆ. ಮಕ್ಕಳು ಧಾರಾಳವಾಗಿ ಕುಡಿಯಬಹುದು.”

ಬರೆದುಕೊಟ್ಟದ್ದು ಅಲ್ಲಿಗೆ ಮುಗಿಯುತ್ತಿತ್ತು. ಚಂದ್ರಿ ಕೂಡಲಿಲ್ಲ.

“ಕುಡದ ಮ್ಯಾಲೆ ಹುಡುಗ್ಯಾರು ಎಲ್ಲಿ ಹೋಗಬೇಕ್ರಿ, ಮಂತ್ರಿಗಳೇ?”

ಮಂತ್ರಿ ಕೈ ಕಟ್ಟಿ ನೆಟ್ಟಗೆ ನಿಂತ. ಗೊತ್ತಿದ್ದದ್ದನ್ನೇ ಮತ್ತೆ ಹೇಳಿದ: “ನಮ್ಮ ಸರ್ಕಾರವು ಶುದ್ಧವಾದ ಕುಡಿಯುವ ನೀರನ್ನು...” ಸಾಹೇಬರು ತೊಡೆ ತಟ್ಟಿ ನಕ್ಕರು. “ವಾಹ್! ಖರೇ ಮಂತ್ರಿಗಳೂ ಹಿಂಗೇ ಉತ್ತರ ಕೊಡ್ತಾರ. ಭಾಳ ಛಂದ ಕಲ್ಸೀರಿ ಮಾಸ್ತರ!”

ಚಂದ್ರಿ ನಗಲಿಲ್ಲ. “ಹೆಣ್ಣುಮಕ್ಕಳ ಶೌಚಾಲಯಕ್ಕ ಕೀಲಿ ಅದ. ನೀರು ಕುಡೀಲಾರದೆ ನಾನು ಮೂರು ಸಲ ಜಡ್ಡು ಬಿದ್ದೀನಿ. ನಾಳಿಂದ ಸಾಲಿ ಬಿಡಸ್ಲಿಕತ್ತಾರ. ಚಾವಿ ಯಾರ ಬಲ್ಲಿ ಅದ?”

ಸರ್ ತಟ್ಟನೆ ಎದ್ದರು. “ಏಯ್, ಇದು ಸಿಲಬಸ್ಸಿನಾಗ...”

ರಿಹಾನಾ ಮೇಜು ಕುಟ್ಟಿದಳು. “ಮಾನ್ಯರೇ, ಅಪ್ಪಣೆಯಿಲ್ಲದೆ ಏಳುವಂತಿಲ್ಲ. ದಯವಿಟ್ಟು ಆಸೀನರಾಗಿ.”

ಸಭೆಯೆಲ್ಲ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ಸಾಹೇಬರ ಚಪ್ಪಾಳೆ. ಸರ್ ಕುಳಿತರು, ಬೇರೆ ದಾರಿಯೇ ಇರಲಿಲ್ಲ. ಮಂತ್ರಿ ಒಮ್ಮೆ ಸರ್ ಅವರನ್ನು ನೋಡಿದ, ಒಮ್ಮೆ ಚಂದ್ರಿಯನ್ನು ನೋಡಿದ, ಆಮೇಲೆ ಸರ್ಕಾರ ಬಿಟ್ಟು ಊರಿನ ಮಾತಿಗೆ ಬಂದ. “ಚಾವಿ ಸರ್ ಬಲ್ಲಿ ಅದರಿ. ಆ ಗೊಂಚಲದಾಗ.”

“ಎವಡ್ರಾ ನೀಕು...” ಎಂದು ಮಂತ್ರಿಯನ್ನು ಗದರುತ್ತ ಸರ್ ಮತ್ತೆ ಎದ್ದರು. ಈ ಸಲ ನೇರವಾಗಿ ತೆಲುಗಿಗೇ ಹೋಗಿದ್ದರು. ಮಕ್ಕಳು ಬೆಚ್ಚಿದರು. ರಿಹಾನಾ ಒಮ್ಮೆ ಬಾಗಿಲ ಕಡೆ ನೋಡಿದಳು. ಆದರೂ ಕುಟ್ಟಿದಳು.

“ದಯವಿಟ್ಟು ಆಸೀನರಾಗಿ.” ಉಸಿರು ತೆಗೆದುಕೊಂಡಳು. ಮುಂದಿನದು ತಾಲೀಮಿನಲ್ಲಿ ಇರಲಿಲ್ಲ. “ಪ್ರಶ್ನಿಗಿ ಉತ್ತರ ಬರೋ ತನಕ ಸಭಾ ಮುಗಿಯಂಗಿಲ್ರಿ ಸರ.”

ಈಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸಾಹೇಬರು ಮೆಲ್ಲಗೆ ಕೈ ಎತ್ತಿದರು. “ಮಾನ್ಯ ಸಭಾಧ್ಯಕ್ಷರೇ, ನನಗೊಂದಿಷ್ಟು ಅಪ್ಪಣಿ ಕೊಡ್ರಿ. ಆ ಚಾವಿ ನನಗೂ ಅರ್ಜಂಟ್ ಬೇಕಾಗ್ಯದ.”

ಗೊಂಚಲು ಸಾಹೇಬರ ಕೈಗೆ ಹೋಯಿತು. ಅವರ ಹಿಂದೆ ನಾವೆಲ್ಲ ಹೋದೆವು. ಸಾಹೇಬರಿಗೆ ತೋರಿಸಲೆಂದು ಸ್ವಚ್ಛವಾಗಿ ಕಾದಿಟ್ಟಿದ್ದ ಬಾಗಿಲು ತೆರೆದರೆ ಒಳಗೆ ಕಾಲಿಡಲು ಜಾಗವಿಲ್ಲ. ಮುರಿದ ಬೆಂಚು, ಹಳೆಯ ಉತ್ತರಪತ್ರಿಕೆಗಳ ಗೋಣಿಚೀಲ, ಮೂಲೆಯಲ್ಲಿ ಸುತ್ತಿಟ್ಟ ಸ್ವಚ್ಛತಾ ದಿನದ ಬ್ಯಾನರು. ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, “ಲಗೂ ತೆಗೀರಿ ಮಾರಾಯ್ರೆ!” ಎಂದರು. ಮಾಸ್ತರರೆಲ್ಲ ಸಾಮಾನು ಹೊತ್ತರು. ಬಿಳಿ ಸಫಾರಿಗೆ ಧೂಳು ಹತ್ತಿಸಿಕೊಂಡು ಸರ್ ಕೂಡ ಬೆಂಚಿನ ಒಂದು ತುದಿ ಹಿಡಿದರು. ಆ ಶಾಲೆಯಲ್ಲಿ ನಾನು ಕಂಡ ನಿಜವಾದ ಕಾರ್ಯಾನುಭವ ಅದೊಂದೇ.

ಹೋಗುವಾಗ ಸಾಹೇಬರು ಗೊಂಚಲು ತಿರುಗಿ ಕೊಟ್ಟು, ಬಾಗಿಲಿನ ಕೀಲಿಯನ್ನು ಮಾತ್ರ ಜೀಪಿನಲ್ಲಿ ಹಾಕಿಕೊಂಡು ಹೋದರು. ಹೊಸ ಕೀಲಿ ಕೊಳ್ಳಲು ಕಮಿಟಿಯ ಸಭೆ ಕರೆದು ಠರಾವು ಮಾಡಬೇಕು, ನಿಯಮವೆಂದರೆ ನಿಯಮ ಎಂದರು ಸರ್. ಆ ಸಭೆಗೆ ಬೇಕಾದಷ್ಟು ಸದಸ್ಯರು ಎಂದೂ ಸೇರಲಿಲ್ಲ. ಸರ್ ಅವರ ನಿಯಮಪ್ರೀತಿಗೆ ನಾನು ದೇವರಿಗೆ ಕಾಯಿ ಒಡೆಸಿದ್ದು ಅದೊಂದೇ ಸಲ.

ಆ ಸಂಜೆ ಮನೆಯಲ್ಲಿ ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮತ್ತೆ ದೊಡ್ಡ ಬಾಟಲಿಗೆ ನೀರು ತುಂಬಿ ಚಂದ್ರಿಯ ಚೀಲದ ಪಕ್ಕ ಇಟ್ಟಿದ್ದರು. “ಸಂಜಿಗಿ ಒಂದು ಗುಟುಕು ಉಳಿಸಿಕೊಂಡು ಬಂದ್ರ ನೋಡು ಮತ್ತ,” ಎಂದು ಗದರಿದರು. ಚಂದ್ರಿ ಎರಡು ಜಡೆ ಬಿಗಿದುಕೊಂಡು ಓಡಿದಳು.

ಸರ್ ಅವಳನ್ನು ವಿರೋಧ ಪಕ್ಷದಿಂದ ತೆಗೆದರು. ರಿಹಾನಾಳ ಕುರ್ಚಿಯೂ ಹೋಯಿತು. ಶಿಸ್ತು ಮೀರಿದ್ದಕ್ಕೆ ಶಿಕ್ಷೆಯಂತೆ. ತಾವು ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಒಪ್ಪಿಸಿದ ಮಕ್ಕಳು ಅವರಿಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ಬಹಳ ದಿನ ಓಣಿಯಲ್ಲಿ ನಮ್ಮ ಮನೆಯ ಮುಂದೆ ಬಂದಾಗ ಅವರ ಗೊಂಚಲು ತಿರುಗುತ್ತಲೇ ಮುಂದೆ ಹೋಗುತ್ತಿತ್ತು. ಭಾಷಣ ತಪ್ಪಿತು. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಹಾಕಿಕೊಂಡೆ.

ಚಂದ್ರಿ ಹತ್ತನೆಯದು ಮುಗಿಸಿ ಡಿಪ್ಲೊಮಾ ಓದಿದಳು. ಈಗ ವಾಡಿಯಲ್ಲಿ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಸಿಮೆಂಟು ಪರೀಕ್ಷೆ ಮಾಡುತ್ತಾಳೆ. ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಕೇಳುತ್ತಾಳೆ, ಸರಿಯಿಲ್ಲದ ಮಾಲಿಗೆ ಸರಿ ಇದೆ ಎಂದು ಸಹಿ ಹಾಕುವುದಿಲ್ಲ. ಅಲ್ಲಿಯ ಹಿರಿಯರಿಗೆ ಇದು ಒಂದೊಂದು ದಿನ ಹಿಡಿಸುತ್ತದೆ, ಒಂದೊಂದು ದಿನ ಹಿಡಿಸುವುದಿಲ್ಲ. ಕೆಲಸ ಮಾತ್ರ ಉಳಿದಿದೆ.

ಅವಳು ಡಿಪ್ಲೊಮಾದಲ್ಲಿದ್ದಾಗ ಸರ್ ನಿವೃತ್ತರಾದರು. ಬೀಳ್ಕೊಡುಗೆಗೆ ನಮ್ಮನ್ನೂ ಕರೆದಿದ್ದರು. ಕೊರಳಿಗೆ ಬಿದ್ದ ಹಾರದೊಂದಿಗೇ ಸರ್ ಮೈಕ್ ಹಿಡಿದರು.

“ಶಿಕ್ಷಣ ಅಂದ್ರ ಏನು? ನಾ ಹೇಳ್ತೀನಿ. ಪ್ರಶ್ನಿ ಮಾಡೋದು ಕಲಸೋದು! ಇದೇ ಸಾಲ್ಯಾಗ ಒಂದು ಹುಡುಗಿ ಎದ್ದು ನಿಂತು, ದೊಡ್ಡ ಸಾಹೇಬರ ಮುಂದ, ಪಾಯಖಾನಿ ಚಾವಿ ಎಲ್ಲಿ ಅಂತ ಕೇಳಿದ್ಳು. ಯಾರು ಕಲಿಸಿದ್ರು ಆಕಿಗಿ? ಅಕಾ ನೋಡ್ರಿ, ಅಲ್ಲೇ ಕುಂತಾಳ. ಏಳು ತಂಗೀ, ನೀನೇ ಹೇಳು!”

ತಾವೇ ಉತ್ತರ ಕೊಡದೆ ಬಿಟ್ಟ ಒಂದೇ ಪ್ರಶ್ನೆ ಅದು. ನಾನು ಚಂದ್ರಿಯ ಸೆರಗು ಹಿಡಿದು ಜಗ್ಗಿದೆ. ಅವಳು ಎದ್ದೇಬಿಟ್ಟಳು.

“ನೀವೇ ಕಲಿಸೀರಿ ಸರ. ನೀವು ಕೀಲಿ ಹಾಕದಿದ್ರ ನಾ ಕೇಳೋದೇ ಕಲೀತಿದ್ದಿಲ್ಲ.”

ಜನ ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸರ್ ಮಾತ್ರ “ಕೇಳಿದ್ರಾ? ಕೇಳಿದ್ರಾ?” ಎಂದು ತಾವೇ ಮೊದಲು ಚಪ್ಪಾಳೆ ಹೊಡೆದರು. ಕಣ್ಣಲ್ಲಿ ನೀರು ಬಂದಿತ್ತು, ನಿಜವಾದ ನೀರು. ಅದನ್ನು ಹೊಗಳಿಕೆಯೆಂದೇ ತಿಳಿದು ಅವರು ಊರಿಗೆ ಹೋದರು, ಹಾಗೇ ತಿಳಿದು ಕಣ್ಣು ಮುಚ್ಚಿರಬೇಕು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತಿದ್ದ ಎಂಟನೆಯ ತರಗತಿಯ ಒಬ್ಬ ಹುಡುಗಿ, ಪ್ರಶ್ನೆ ಕೇಳಿದರೆ ಇಷ್ಟು ಒಳ್ಳೆಯದಾಗುತ್ತದೆಂದು ನಂಬಿ, ಕೈ ಎತ್ತಿ ಎದ್ದಳು.

“ಸರ, ಆ ಪಾಯಖಾನಿ ನಳದಾಗ ನೀರೇ ಬರಂಗಿಲ್ರಿ. ಯಾವಾಗ ಬರ್ತಾವ್ರಿ?”

ಸರ್ ತಮ್ಮ ಜಾಗಕ್ಕೆ ಬರಲಿದ್ದ ಹೊಸ ಹೆಡ್ ಮಾಸ್ತರರ ಕಡೆ ನೋಡಿದರು. ಹೊಸಬರು ಕಮಿಟಿಯವರ ಕಡೆ ನೋಡಿದರು. ಕಮಿಟಿಯವರು ಗಡಿಯಾರ ನೋಡಿ, ಊಟ ಆರುತ್ತಿದೆ, ಎಲ್ಲರೂ ಏಳಬೇಕು ಎಂದರು. ವೇದಿಕೆ ಖಾಲಿಯಾಯಿತು. ಪತ್ರಾವಳಿ ಹಾಸುವ ಸದ್ದು ಶುರುವಾಯಿತು.

ಹುಡುಗಿ ಮಾತ್ರ ಕೈ ಇಳಿಸದೆ ನಿಂತೇ ಇದ್ದಳು. ಚಂದ್ರಿ ಹೋಗಿ ಅವಳ ಪಕ್ಕದಲ್ಲಿ ನಿಂತಳು.